ಪರೀಕ್ಷೆಗೆ ಇಲ್ಲದ ಭಾಗ

ಆರಿದ್ರಾ ಮಳೆ ಒಂದು ಹದ ಬಿದ್ದದ್ದೇ ತಡ, ಕೊಟ್ಟೂರಿನ ಸುತ್ತ ಬಿತ್ತನೆಯ ಶೇಂಗಾಕ್ಕೆ ಎಲ್ಲಿಲ್ಲದ ಅವಸರ ಹುಟ್ಟಿತ್ತು. ಯಂತ್ರಕ್ಕೆ ಹಾಕಿದರೆ ಬೀಜ ಇಬ್ಭಾಗವಾಗುತ್ತದೆಂದು ಪಾಲಾಕ್ಷಪ್ಪನ ಗೋದಾಮಿನಲ್ಲಿ ಹನ್ನೆರಡು ಹೆಂಗಸರು ರಾಶಿಯ ಸುತ್ತ ಕುಳಿತು ಕೈಯಲ್ಲೇ ಕಾಯಿ ಸುಲಿಯುತ್ತಿದ್ದರು. ಶನಿವಾರದ ಬೆಳಗಿನ ಶಾಲೆ ಮುಗಿಸಿ ಇಂಗ್ಲಿಷ್ ಮೇಷ್ಟ್ರು ಪಂಚಾಕ್ಷರಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದಾಗ, ಏಳನೇ ತರಗತಿಯ ರೋಜಾ ಅವ್ವನ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಮೇಷ್ಟ್ರನ್ನು ಕಂಡು ತಲೆಯನ್ನು ಇನ್ನಷ್ಟು ತಗ್ಗಿಸಿದಳು.

"ಬರ್ರಿ ಸರ್," ಎಂದು ಅವಳ ಅವ್ವ ಮೈಲಮ್ಮ ಒಂದು ಖಾಲಿ ಚೀಲ ಹಾಸಿದಳು. ಕರೆದದ್ದರಲ್ಲಿ ಮರ್ಯಾದೆ ಇತ್ತು, ಮುಖದಲ್ಲಿ ನಗು ಇರಲಿಲ್ಲ.

"ಮೂರು ದಿನ ಆತಲ್ಲವ್ವಾ, ಯಾಕ ಕಳಿಸಿಲ್ಲ ಹುಡುಗೀನ?"

"ಯಾಕ ಕಳಿಸ್ಲಿ ಸರ್? ಸುಳ್ಳು ಹೆಬ್ಬೆಟ್ಟು ಒತ್ಯಾಳ ಅಂದ್ರಂತ, ಎಲ್ಲಾ ಹುಡುಗ್ರ ಮುಂದ. ಸುಳ್ಳು ಕಲ್ಯಾಕ ಸಾಲಿ ಯಾಕ ಬೇಕು? ಇಲ್ಲೇ ಕುಂತು ಕಾಯಿ ಸುಲೀಲಿ."

ಅಂದದ್ದು ನಿಜ. ದಿನಾ ಸಂಜೆ ಇಂಗ್ಲಿಷ್ ಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು, ಕೇಳಿದ ಹಿರಿಯರ ಸಹಿ ಹಾಕಿಸಿ ತರಬೇಕು, ಅದಕ್ಕೆ ಹತ್ತು ಅಂಕ ಎಂದು ಅವರೇ ನಿಯಮ ಮಾಡಿದ್ದರು. ರೋಜಾಳ ನೋಟ್‌ಬುಕ್ಕಿನ ತುಂಬ ನೇರಳೆ ಮಸಿಯ ಬೊಟ್ಟುಗಳು. ಒಂದು ದೊಡ್ಡದು, ಒಂದು ಸಣ್ಣದು. ಒಂದರಲ್ಲೂ ಬೆರಳ ಗೆರೆಯಿಲ್ಲ. ರಬ್ಬರಿನ ತುಂಡು ಮಸಿಗೆ ಅದ್ದಿ ಒತ್ತಿದ್ದಾಳೆಂದು ಸೊನ್ನೆ ಹಾಕಿದ್ದರು. ಹುಡುಗಿ ಅಳಲಿಲ್ಲ, ಮರುದಿನದಿಂದ ಬರಲೂ ಇಲ್ಲ. ನಿನ್ನೆ ಹಾಜರಿ ಕೂಗುವಾಗ ಆ ಹೆಸರನ್ನು ಅವರು ಎರಡು ಸಲ ಕೂಗಿದ್ದರು.

"ಹಂಗಾದ್ರ ಒತ್ತಿದ್ದು ನೀವೇನು?"

"ನಾನೊಬ್ಬಾಕೀನಾ? ಕೇಳಿದವ್ರೆಲ್ಲಾ ಒತ್ತೀವಿ. ಸಂಜಿಗೆ ಸಾಲಿ ಬಿಟ್ಟು ಇಲ್ಲೇ ಬರ್ತಾಳ, ಇಲ್ಲೇ ಓದ್ತಾಳ. ಒಂದಿನ ನಂದು, ಒಂದಿನ ತಿಪ್ಪೇರುದ್ರವ್ವಂದು. ಪಾಳಿ ಹಚ್ಚೀವಿ. ಇಲ್ಲಂದ್ರ ಜಗಳಾನ."

"ಮತ್ತ ಒಂದರಾಗೂ ಗೆರಿ ಇಲ್ಲಲ್ಲ..."

ಎದುರಿಗಿದ್ದ ಮುದುಕಿ ತಿಪ್ಪೇರುದ್ರಮ್ಮ ನಕ್ಕಳು. "ಗೆರಿ ಎಲ್ಲಿಂದ ತರೋಣ್ರೀ?" ಎಂದು ಎರಡೂ ಹೆಬ್ಬೆಟ್ಟು ಮುಂದೆ ಚಾಚಿದಳು. ಸಿಪ್ಪೆ ಒತ್ತಿ ಒತ್ತಿ ಅವು ಹೊಳೆಗಲ್ಲಿನಂತೆ ನುಣ್ಣಗಾಗಿದ್ದವು. "ಪಿಂಚಣಿ ಕೊಡೋ ಟಪಾಲಿನವನೂ ಇನ್ನೊಂದ್ಸಲ ಒತ್ತಬೇ, ಇನ್ನೊಂದ್ಸಲ ಒತ್ತಬೇ ಅಂತಾನ. ಈ ಬೀಜದ ಕೆಲಸ ಮುಗಿದು ಎರಡು ತಿಂಗಳಿಗೆ ಮತ್ತ ಗೆರಿ ಬರ್ತಾವ. ಅಲ್ಲೀತನ ತಡೀತೀರೇನು?"

ಹೆಂಗಸರೆಲ್ಲ ನಕ್ಕರು. ಮೈಲಮ್ಮ ನಗಲಿಲ್ಲ. ಮೇಷ್ಟ್ರು ರೋಜಾಳ ಚೀಲದಿಂದ ನೋಟ್‌ಬುಕ್ ತೆಗೆಸಿ, ಸೊನ್ನೆಯನ್ನು ಅಡ್ಡ ಹೊಡೆದು ಹತ್ತು ಎಂದು ಬರೆದರು. "ತಪ್ಪು ನಂದು. ಸೋಮವಾರ ಕಳಸ್ರಿ, ಹುಡುಗ್ರ ಮುಂದನ ಹೇಳ್ತೀನಿ," ಎಂದರು. ಆಮೇಲೆ, ಮೇಷ್ಟ್ರಿಕೆಯ ಚಾಳಿ ಬಿಡದೆ, "ಅಲ್ಲಾ, ಇಂಗ್ಲಿಷ್ ಓದಿದ್ರ ನಿಮಗೇನು ತಿಳೀತೈತಿ?" ಎಂದು ಕೇಳಿಬಿಟ್ಟರು.

"ಒಂದು ಸಾಲು ಇಂಗ್ಲಿಷಿನ್ಯಾಗ ಓದ್ತಾಳ, ಒಂದು ಸಾಲು ನಮ್ ಮಾತಿನ್ಯಾಗ ಬಿಡಿಸ್ತಾಳ," ಎಂದಳು ತಿಪ್ಪೇರುದ್ರಮ್ಮ. "ಮೀನು ಹಿಡ್ಯಾಕ ಅಪ್ಪ ದೋಣಿ ತಗೊಂಡು ಹೋಗ್ಯಾನ. ಮಂಜು ಕವದೈತಿ. ದಂಡಿ ಯಾವ ಕಡೆ ಐತಿ ಅಂತ ಅವಗ ಗೊತ್ತಾಗ್ಲಿ ಅಂತ ಮಗಳು ತಾಟು ಬಡ್ಯಾಕತ್ಯಾಳ. ಅಲ್ಲಿಗೆ ನಿಂತೈತಿ ನೋಡ್ರಿ. ನಾಕು ದಿನ ಆತು, ಆ ಕೂಸು ಇನ್ನೂ ನಿಂತು ಬಡ್ಯಾಕತ್ಯಾಳ! ಅಂವ ಬರ್ತಾನ ಅಂತ ಈ ಮೈಲವ್ವ, ಬರಂಗಿಲ್ಲ ಅಂತ ನಾನು. ಮುಂದಿಂದು ಓದಬೇ ಅಂದ್ರ, ಸರ್ ಬ್ಯಾಡಂದಾರ ಅಂತಾಳ."

"ಎರಡನೇ ಭಾಗ ಪರೀಕ್ಷೆಗೆ ಇಲ್ಲವ್ವಾ. ಅದಕ್ಕ ಬಿಡ್ರಿ ಅಂದಿದ್ದೆ."

"ಪರೀಕ್ಷಿ ನಮಗೆಲ್ಲಿ ಐತ್ರೀ?" ಎಂದಳು ಮೈಲಮ್ಮ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವಳ ಮುಖ ಸಡಿಲವಾಗಿತ್ತು. "ಅಂಕ ಕೊಟ್ರಿ, ಆತು. ಅರ್ಧ ಕತಿ ನಮಗ ಬಾಕಿ ಐತಲ್ಲ, ಅದನ್ಯಾರು ಕೊಡೋರು?"

ಮೇಷ್ಟ್ರು ತಮ್ಮ ಚೀಲದಿಂದ ಪುಸ್ತಕ ತೆಗೆದರು. ಹನ್ನೊಂದು ವರ್ಷ ಪಾಠ ಮಾಡಿದ ಪುಸ್ತಕ. ಮೊದಲ ಭಾಗದ ಅಂಚಿನ ತುಂಬ ಪೆನ್ಸಿಲ್ ಗುರುತು, ಪ್ರಶ್ನೆ, ಉತ್ತರ. ಮುಂದಿನ ಎರಡು ಹಾಳೆ ಅಚ್ಚಿನ ಮನೆಯಿಂದ ಬಂದ ಹಾಗೇ ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರು ತೂರಿಸಿ ಬಿಡಿಸಿದರು. ಒಂದು ಕ್ಷಣ ನೋಡಿ, ಓದದೆ ರೋಜಾಳ ಕೈಗೆ ಕೊಟ್ಟರು.

ಹುಡುಗಿ ಕೈಯ ಧೂಳನ್ನು ಲಂಗಕ್ಕೆ ಒರೆಸಿಕೊಂಡು ಬೆರಳಿಟ್ಟು ಓದತೊಡಗಿದಳು. ಒಂದು ಸಾಲು ಆ ಭಾಷೆಯಲ್ಲಿ, ಒಂದು ಸಾಲು ಈ ಭಾಷೆಯಲ್ಲಿ. ಕತೆಯ ಹುಡುಗಿಯ ಕೈ ಸೋತು ತಾಟು ಜಾರಿ ಬಿತ್ತು. ಮಂಜಿನೊಳಗೆ ಏನೋ ಸಪ್ಪಳವಾಯಿತು. ಸೇರಿನ ಲೆಕ್ಕದ ಕೂಲಿಯವರು, ಆದರೂ ಒಬ್ಬರ ಕೈಯೂ ಆಡಲಿಲ್ಲ. ತಕ್ಕಡಿಯ ಹತ್ತಿರದಿಂದ ಪಾಲಾಕ್ಷಪ್ಪ, "ಏನ್ರವಾ, ಕೈ ಯಾಕ ನಿಂತ್ವು?" ಎಂದು ಕೂಗಿದ, ಯಾರೂ ತಿರುಗಿ ನೋಡಲಿಲ್ಲ. ಒಂದು ಕಠಿಣ ಶಬ್ದದ ಹತ್ತಿರ ರೋಜಾ ತಡವರಿಸಿದಳು.

ತಿಪ್ಪೇರುದ್ರಮ್ಮನಿಗೆ ತಡೆಯಲಾಗಲಿಲ್ಲ. "ನೀವರ ಹೇಳ್ರಿ ಸರ್, ಅವರಪ್ಪ ಬಂದ್ನೋ ಇಲ್ಲೋ?"

ಪಂಚಾಕ್ಷರಪ್ಪ ಚೀಲದ ಮೇಲೆ ಸ್ವಲ್ಪ ಮುಂದಕ್ಕೆ ಸರಿದರು.

"ನನಗೂ ಗೊತ್ತಿಲ್ಲವ್ವಾ. ತಡೀರಿ, ಓದ್ಲಿ."