ಬದುವಿನಾಚೆಯ ಸಾಲು

"ಕಣ್ಣು ಬಿಟ್ಟು ನೋಡಮ್ಮ, ಪೈಪೂ ಇಲ್ಲ, ಟ್ಯಾಂಕೂ ಇಲ್ಲ, ಹೇಗೆ ಬಂದಿದೆ ಬೆಳೆ!" ಮಾವ ಬದುವಿನ ಮೇಲೆ ನಿಂತು ತಮ್ಮನ ಹೊಲದ ಮೊದಲ ಸಾಲನ್ನು ತೋರಿಸಿದರು. ಅಲ್ಲಿನ ಸೌತೆಬಳ್ಳಿ ಸೊಸೆಯ ಬಳ್ಳಿಗೆ ಸರಿಸಮನಾಗಿ ಹಬ್ಬಿತ್ತು. ಅದರ ಹಿಂದಿನ ಸಾಲುಗಳೆಲ್ಲ ಕಾಮಾಲೆ ಬಂದವರಂತೆ ಹಳದಿಯಾಗಿದ್ದವು, ಆದರೆ ಮಾವನ ಕಣ್ಣು ಅಷ್ಟು ದೂರ ಹೋಗಲಿಲ್ಲ. ತಮ್ಮ ಮುಟ್ಟಿದ್ದೆಲ್ಲ ಅವರಿಗೆ ಚಿನ್ನವೇ.

"ಶನಿವಾರ ಪೈಪ್ ಸುತ್ತಿಡು. ಮಾರಿಬಿಡೋಣ."

ಸೊಸೆ ತನ್ನ ಹೊಲಿಗೆ ಯಂತ್ರ ಮಾರಿ ಹಾಕಿಸಿದ ಹನಿ ನೀರಾವರಿ ಅದು. ಕಾಲುವೆ ಕಟ್ಟಿ ನೀರು ಹಾಯಿಸಿದರೆ ಗೊಬ್ಬರದಲ್ಲಿ ಅರ್ಧ ಕಳೆಯ ಪಾಲು, ಆಮೇಲೆ ಆ ಕಳೆ ಕೀಳಲು ಆಳುಗಳಿಗೆ ಕೂಲಿ ಬೇರೆ. ಗೊಬ್ಬರವನ್ನು ನೀರಿನಲ್ಲೇ ಕರಗಿಸಿ ಬುಡಕ್ಕೆ ಹನಿಹನಿಯಾಗಿ ಬಿಟ್ಟರೆ ಮೂರು ಚೀಲದ ಕೆಲಸ ಒಂದೂವರೆಗೇ ಆಗುತ್ತದೆ. ಇದನ್ನು ಮಾವನಿಗೆ ಎಷ್ಟು ಸಲ ಹೇಳಿದ್ದಳೋ! ಎಲ್ಲ ಗೋರ್ಕಲ್ಲ ಮೇಲೆ ಮಳೆಗರೆದಂತೆ.

ಮಾವ ಮನೆಗೆ ಹೋದ ಮೇಲೆ ಅವಳು ಬದು ದಾಟಿ ಆ ಸಾಲಿನ ಒಣಹುಲ್ಲು ಸರಿಸಿದಳು. ಅಬ್ಬಬ್ಬಾ! ಅವಳ ಕೊನೆಯ ಪೈಪಿನ ಮುಚ್ಚಳ ಕಿತ್ತು, ಅದಕ್ಕೆ ಕಿರುಬೆರಳ ಗಾತ್ರದ ಕೊಳವೆ ಸೇರಿಸಿ, ಬದುವಿನಡಿ ತೂರಿಸಿ ಸಾಲಿನುದ್ದಕ್ಕೂ ಎಳೆಯಲಾಗಿತ್ತು. ಗಿಡಕ್ಕೊಂದು ತೂತು, ಅದೂ ಅಳತೆ ಹಿಡಿದು ಕೊರೆದದ್ದು. "ಅದೇನು ನೀರಾವರೀನಾ, ಮಗು ಉಚ್ಚೆ ಹೊಯ್ದ ಹಾಗಿದೆ" ಎಂದು ಊರನ್ನೆಲ್ಲ ನಗಿಸಿದ್ದ ಚಿಕ್ಕಮಾವನ ಕೈಚಳಕ! ತೋರಿಸಿದರೆ ಮಾವ ನಂಬುವುದುಂಟೇ? ನೀನೇ ತಂದಿಟ್ಟಿದ್ದೀಯ ಎಂದಾರು. ಅವಳು ಹುಲ್ಲನ್ನು ಮೊದಲಿದ್ದಂತೆಯೇ ಮುಚ್ಚಿದಳು.

ಬುಧವಾರ ಗೊಬ್ಬರದ ನೀರು ಬಿಡುವ ದಿನ. ಬಿಡಲಿಲ್ಲ. ಗುರುವಾರವೂ ನಲ್ಲಿ ಮುಟ್ಟಲಿಲ್ಲ. ಬಾಡಿದ ಎಲೆಗಳನ್ನು ನೋಡಿ, "ಇನ್ನೊಂದೇ ದಿನ ತಡ್ಕೊಳ್ರಪ್ಪ" ಎಂದು ಬಳ್ಳಿಗಳಿಗೆ ಹೇಳಿ ಬಂದಳು.

ಶುಕ್ರವಾರ ಬೆಳಿಗ್ಗೆ ಮಾವ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಚಿಕ್ಕಮಾವ ಏದುಸಿರು ಬಿಡುತ್ತ ಬಂದರು.

"ಏನಮ್ಮಾ ನೀನು! ಹೂವು ಕಾಯಿ ಕಚ್ಚೋ ಹೊತ್ತು, ಎರಡು ದಿನದಿಂದ ನೀರೇ ಬಿಟ್ಟಿಲ್ವಲ್ಲ! ಬುಧವಾರದ ಗೊಬ್ಬರನೂ ಇಲ್ಲ!"

"ಹೇಗೂ ನಾಳೆ ಪೈಪ್ ಬಿಚ್ತೀವಲ್ಲ ಚಿಕ್ಕಮಾವ" ಎಂದಳು ಸೊಸೆ, ಬೆಣ್ಣೆಯಂಥ ದನಿಯಲ್ಲಿ.

"ಬಿಚ್ಚೋದಾ? ತಲೆ ಕೆಟ್ಟಿದ್ಯಾ? ಆಮೇಲೆ ನನ್ನ ಸಾಲಿನ ಗತಿ..."

ಯಾರೂ ಕುಂಬಳಕಾಯಿ ಕಳ್ಳ ಎಂದಿರಲಿಲ್ಲ. ಅವರಾಗಿಯೇ ಹೆಗಲು ಮುಟ್ಟಿ ನೋಡಿಕೊಂಡಿದ್ದರು.

ಮಾವ ಲೋಟ ಕೆಳಗಿಟ್ಟು ಹೊಲಕ್ಕೆ ನಡೆದರು. ಹಿಂದೆ ಇವರಿಬ್ಬರು. ಹುಲ್ಲು ಸರಿಸಿ, ಕೊಳವೆಯನ್ನು ಕೈಯಲ್ಲಿ ಹಿಡಿದು, ಅದು ಹೊರಟ ಜಾಗದವರೆಗೂ ನೋಡಿದರು. ಅವರ ಕಿವಿ ಕೆಂಪಾಗಿತ್ತು. ಚಿಕ್ಕಮಾವ ಆಕಾಶ ನೋಡುತ್ತ ನಿಂತರು.

"ಸುತ್ತಿಡೋದು ಬೇಡಮ್ಮ" ಎಂದರು ಮಾವ ಕೊನೆಗೆ, ತಮ್ಮನ ಕಡೆ ತಿರುಗದೆ. "ಇವನ ಹೊಲಕ್ಕೂ ಹಾಕಿಸಿಬಿಡೋಣ, ಪೀಡೆ ಹೋಗಲಿ. ಎಷ್ಟು ಪೈಪ್ ಬೇಕು ಅಂತ ಅಳೆದು ಹೇಳು."

ಸೊಸೆ ಬಾಯಿ ತೆರೆಯುವ ಮೊದಲೇ ಚಿಕ್ಕಮಾವ ಹೇಳಿದರು: "ಮೊದಲನೇ ಸಾಲು ಅಳೀಬೇಡಮ್ಮ. ಅದಕ್ಕೆ ಹೇಗೂ ಇದೆಯಲ್ಲ."