ತಿಂಗಳಿಗೊಂದು ನಿಮಿಷ

ವಿಮೆಯಲ್ಲಿ ಗರ್ಭನಿರೋಧಕ ಮಾತ್ರೆ ಬೇಕಿದ್ದರೆ, ಹುಟ್ಟದೇ ಹೋಗುವ ಮಗುವಿನ ದನಿಯನ್ನು ತಿಂಗಳಿಗೊಮ್ಮೆ ಒಂದು ನಿಮಿಷ ಕೇಳಲೇಬೇಕಿತ್ತು. ರೇಷ್ಮೆ ಮಾರುಕಟ್ಟೆಯ ಹಿಂದಿನ ವಿಮಾ ಔಷಧಾಲಯದಲ್ಲಿ ಅದಕ್ಕೆಂದೇ ಗೋಡೆಗೊಂದು ಫೋನು ಹಾಕಿದ್ದರು. ನೂಲು ತೆಗೆಯುವ ಹೆಂಗಸರು ಕಿವಿಗೆ ಹತ್ತಿ ತುರುಕಿಕೊಂಡು ಬರುತ್ತಿದ್ದರು. ಮೂರು ಹೆತ್ತು ಸಾಕಾಗಿದ್ದ ಹೊಂಬಾಳಮ್ಮನೂ ಮೊದಮೊದಲು ಹಾಗೇ ಮಾಡಿದ್ದಳು. ಒಂದು ಸಲ ಹತ್ತಿ ಮರೆತು ಬಂದಳು. ಅಂದು ಅದು ನಕ್ಕಿತು. ಆಮೇಲೆ ಅವಳು ಹತ್ತಿ ತರಲಿಲ್ಲ. ಅದರ ಜೊತೆ ಮಾತಾಡಲು ಶುರುಮಾಡಿದಳು.

ಹೀಗೇ ಐದು ವರ್ಷವಾಯಿತು. ಹೋದ ತಿಂಗಳು ಅದು, "ಅಮ್ಮಾ, ನನ್ ಹೆಸ್ರೇನು?" ಎಂದು ಕೇಳಿತ್ತು. ಅಷ್ಟರಲ್ಲಿ ನಿಮಿಷ ಮುಗಿದುಹೋಗಿತ್ತು.

ಇವತ್ತು ಕೌಂಟರಿನ ಶಾಹೀನಾ ಅವಳ ರಕ್ತದ ರಿಪೋರ್ಟು ನೋಡಿ ನಕ್ಕಳು. "ಅಕ್ಕಾ, ನಿಮ್ಗೆ ಮುಟ್ಟು ಪೂರ್ತಿ ನಿಂತೋಗಿದೆ. ಇನ್ಮೇಲೆ ಮಾತ್ರೆನೂ ಬೇಡ, ಫೋನೂ ಬೇಡ. ಪಾರಾದ್ರಿ ಬಿಡಿ."

"ಇದೊಂದ್ ತಿಂಗ್ಳು ಕೇಳಿಸ್ಬುಡಿ ಮೇಡಂ. ಮಾತ್ರೆ ಬ್ಯಾಡ. ಒಂದ್ ಮಾತು ಹೇಳೋದದೆ, ಅಷ್ಟೇಯ."

"ನಿಮ್ಮ ಹೆಸ್ರು ಆಗ್ಲೇ ತೆಗ್ದುಬಿಟ್ಟಿದಾರಕ್ಕ. ಎತ್ತಿದ್ರೂ ಏನೂ ಕೇಳ್ಸಲ್ಲ."

ಹೊಂಬಾಳಮ್ಮ ಆದರೂ ಎತ್ತಿದಳು. ಉಸಿರಿನ ಸದ್ದೂ ಇರಲಿಲ್ಲ. ತಿಂಗಳಿಡೀ ಯೋಚಿಸಿ ಆರಿಸಿಟ್ಟುಕೊಂಡಿದ್ದ ಹೆಸರನ್ನು, ತೊಟ್ಟಿಲ ಕೂಸಿನ ಕಿವಿಯಲ್ಲಿ ಹೇಳುವ ಹಾಗೆ, ಮೂರು ಸಲ ಮೆಲ್ಲಗೆ ಹೇಳಿದಳು.

ಕೇಳಿಸುವಷ್ಟು ಹತ್ತಿರದಲ್ಲಿ, ಸರದಿಗೆ ಕಾಯುತ್ತ, ಒಬ್ಬಳೇ ಹೆಂಗಸು ನಿಂತಿದ್ದಳು. ಅವಳ ಕಿವಿಯಲ್ಲಿ ಹತ್ತಿಯಿತ್ತು.