ಅಜ್ಜಿಯ ಹಾಡಿಗೆ ಆರನೆಯ ಸ್ಥಾನ

ಹನ್ನೊಂದು ಹಾಡುಗಳ ಪಟ್ಟಿಯಲ್ಲಿ ಸ್ವಂತ ಅಜ್ಜಿಯ ದನಿ ಇರುವ ಹಾಡನ್ನು ಆರನೆಯದಾಗಿ ಬರೆದ ವೀಣ, ಅದನ್ನು ಇನ್‌ಸ್ಟಾಗ್ರಾಮಿಗೆ ಹಾಕಲು ಧೈರ್ಯ ಸಾಲದೆ ಬೆಳಗಿನಿಂದ ಫೋನು ಹಿಡಿದು ಕೂತಿದ್ದಳು. ಗಾಯಕಿ ಕುಮುದಿನಿ ಹದಿಮೂರು ವರ್ಷದ ಹಿಂದಿನ ತನ್ನ ಮೊದಲ ಆಲ್ಬಮ್ಮಿನ ಹಕ್ಕು ಸೀಡಿ ಕಂಪನಿಯವರ ಕೈಯಲ್ಲೇ ಉಳಿದುಹೋಯಿತೆಂದು, ಅದರ ಹನ್ನೊಂದು ಹಾಡುಗಳನ್ನೂ ಹೊಸದಾಗಿ ಹಾಡಿ ಹಿಂದಿನ ದಿನವಷ್ಟೇ ಬಿಡುಗಡೆ ಮಾಡಿದ್ದಳು. ಹೀಗೆ ಬರುವ ಹಾಡುಗಳನ್ನು ಕೇಳಿ, ಯಾವುದು ಮೇಲು ಯಾವುದು ಸಪ್ಪೆ ಎಂದು ಸ್ಥಾನ ಕೊಟ್ಟು ಬರೆಯುವುದು ಮಂಡ್ಯದಲ್ಲಿ ಬಿ.ಎ. ಓದುತ್ತಿದ್ದ ವೀಣಳ ಹುಚ್ಚು. ಅವಳು ಮುಲಾಜಿಲ್ಲದೆ ಬರೆಯುತ್ತಾಳೆಂದೇ ಹನ್ನೆರಡು ಸಾವಿರ ಮಂದಿ ಓದುತ್ತಿದ್ದರು.

ಈ ಸಲ ಮುಲಾಜು ಮನೆಯೊಳಗೇ ಇತ್ತು. ಅಪ್ಪ ಚಲುವರಾಜು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು, ನಮ್ಮವ್ವನ ಹಾಡೇ ಮೊದಲನೆಯದು, ನನ್ನ ಮಗಳು ಬರೆಯುತ್ತಾಳೆ ನೋಡ್ತಾ ಇರಿ ಎಂದು ತಮ್ಮೂರು ಬಸರಾಳಿನ ಅರ್ಧ ಮಂದಿಗೆ ಹೇಳಿಯಾಗಿತ್ತು. ಬೆಳಗ್ಗೆ ಮನೆಯಿಂದ ಹೊರಡುವಾಗಲೂ ಅದನ್ನೇ ಹೇಳಿ ಹೋಗಿದ್ದ.

ಜಗಲಿಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಿದ್ದ ಅಜ್ಜಿ ಚಿಕ್ಕಬೋರಮ್ಮ, ಬರೆದದ್ದನ್ನು ಓದು ಎಂದಳು. ವೀಣ ಕಣ್ಣೆತ್ತದೆ, "ನಿಂದೇ ಮೊದಲ್ನೇದು ಅಜ್ಜಿ" ಅಂದಳು.

ಚಿಕ್ಕಬೋರಮ್ಮನ ಬೆರಳು ನಿಂತಿತು. "ನೆನ್ನೆಯಿಂದ ನಾನೂ ಅಷ್ಟೂವೆ ಕೇಳಿವ್ನಿ. ಆ ತೊಟ್ಲು ಪದ ಮೊದಲ್ನೇದು. ನನ್ ತಾವ ಯಾಕವ್ವ ಸುಳ್ಳೇಳ್ತೀಯ?"

ವೀಣ ಒಪ್ಪಿಕೊಂಡಳು. ತೊಟ್ಟಿಲ ಹಾಡೇ ಮೊದಲು, ಅಜ್ಜಿಯ ಸೋಬಾನೆ ಇರುವ ಹಾಡು ಆರನೆಯದು. ಕಾರಣವನ್ನೂ ಹೇಳಹೊರಟಳು. ಹಳೆಯದರಲ್ಲಿ ನಿನ್ನ ದನಿ ಎಷ್ಟು ಗಟ್ಟಿಯಿತ್ತು, ಈಗ ಮೂರನೆಯ ಸಾಲಿನಲ್ಲಿ... ಎಂದು ಅಲ್ಲಿಗೇ ನಿಲ್ಲಿಸಿದಳು.

"ದಮ್ಮು ಕಟ್ತು ಅನ್ನು" ಎಂದು ಅಜ್ಜಿಯೇ ಮಾತು ಮುಗಿಸಿ, ಮತ್ತೆ ಕಾಳಿಗೆ ಕೈ ಹಾಕಿದಳು. ಹಿತುಕುತ್ತಲೇ ಹಿಂದಿನದನ್ನು ಹೇಳತೊಡಗಿದಳು. ಮೊದಲ ಸಲ ಅವಳನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕರೆಸಿ ಗಾಜಿನ ಕೋಣೆಯೊಳಗೆ ನಿಲ್ಲಿಸಿದ್ದರು. ಕಿವಿಗೆ ಏನನ್ನೋ ಸಿಗಿಸಿ, ಅದರೊಳಗಿನ ಟಿಕ್ ಟಿಕ್ ಸದ್ದಿಗೆ ಸರಿಯಾಗಿ ಹಾಡಬೇಕೆಂದಿದ್ದರು. ಗಾಜಿನಾಚೆ ಕೂತವನು ಲೇಟಾಯ್ತು, ಮತ್ತೆ ಹಾಡಿ ಎಂದು ಇಪ್ಪತ್ತು ಸಲ ಹಾಡಿಸಿ, ಚೆನ್ನಾಗಿ ಬಂದ ತುಂಡುಗಳನ್ನಷ್ಟೇ ಕತ್ತರಿಸಿ ಜೋಡಿಸಿಕೊಂಡಿದ್ದ. ಸೀಡಿಯ ಮೇಲೆ ಅವಳ ಹೆಸರು ಇರಲಿಲ್ಲ. ಕುಮುದಿನಿ ಆಗಿನ್ನೂ ಚಿಕ್ಕ ಹುಡುಗಿ. ಮೂಲೆಯಲ್ಲಿ ಕೂತು ನೋಡಿದ್ದಳೇ ಹೊರತು, ಬಾಯಿ ಬಿಡುವ ಹಾಗಿರಲಿಲ್ಲ.

ಈ ಸಲ ಕುಮುದಿನಿಯೇ ಬಸರಾಳಿಗೆ ಬಂದಿದ್ದಳು. ವೀಣ ಕಾಲೇಜಿಗೆ ಹೋಗಿದ್ದ ದಿನ ಅದು. ಹೊರಗಿನ ಸದ್ದು ಬಾರದಂತೆ ಕಾಳಿನ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಕೋಳಿಗಳನ್ನೆಲ್ಲ ಕೊಟ್ಟಿಗೆಗೆ ಅಟ್ಟಿ, ಮೈಕು ಇಟ್ಟು, ಅಜ್ಜಿಯ ಎದುರಿಗೆ ನೆಲದ ಮೇಲೇ ಕೂತಿದ್ದಳು. ಪಕ್ಕದಲ್ಲಿ ಡೋಲಕ್ ಬಾರಿಸುವವನೊಬ್ಬ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅಜ್ಜಿಗೆ ಉಸಿರು ಕಟ್ಟಿತು. ಇನ್ನೇನು ಮತ್ತೆ ಮೊದಲಿಂದ ಅನ್ನುತ್ತಾಳೆ ಎಂದುಕೊಂಡಳು ಮುದುಕಿ. ಕುಮುದಿನಿ ಒಂದು ಕೈಯನ್ನು ಅವಳ ಮಂಡಿಯ ಮೇಲಿಟ್ಟು, ಇನ್ನೊಂದು ಕೈಯಿಂದ ಡೋಲಕ್ಕಿನವನಿಗೆ ತಾಳು ಎಂದು ಸನ್ನೆ ಮಾಡಿ, ಸುಮ್ಮನೆ ಕಾದಿದ್ದಳು.

"ಅದುನ್ನ ಕತ್ತರಿಸ್ದೆ ಅಂಗೇ ಮಡ್ಗವ್ಳೆ ಕಣವ್ವ" ಎಂದಳು ಚಿಕ್ಕಬೋರಮ್ಮ. "ನನ್ ಉಸ್ರು ಬರಗಂಟ ಆ ಪದ ಕಾದದೆ. ಇಸ್ಟ್ ವರ್ಸದಲ್ಲಿ ನನ್ಗೋಸ್ಕರ ಯಾರವ್ವ ಅಂಗೆ ಕಾದವ್ರೆ? ನೀನು ಆರ್ನೇದು ಅಂತ್ಲೇ ಬರಿ. ಅವ್ಳ ಹೆಸ್ರಿಗೆ ಒಂದ್ ಒಳ್ಳೇ ಮಾತೂ ಸೇರ್ಸು."

ಉಳಿದ ಹತ್ತರ ಬಗ್ಗೆ ಪುಟಗಟ್ಟಲೆ ಬರೆದಿದ್ದ ವೀಣಳಿಗೆ ಆ ಒಂದು ಮಾತು ಬರೆಯಲು ಅರ್ಧ ಗಂಟೆ ಹಿಡಿಯಿತು. 'ಆರನೆಯದು. ಸೋಬಾನೆ ಹಾಡಿದವರು ಬಸರಾಳಿನ ಚಿಕ್ಕಬೋರಮ್ಮ, ನನ್ನ ಅಜ್ಜಿ. ಅವರ ಉಸಿರಿಗೆ ಕಾದ ಕುಮುದಿನಿಯವರಿಗೆ ನಮ್ಮ ಮನೆಯ ನಮಸ್ಕಾರ' ಎಂದು ಬರೆದು ಪಟ್ಟಿಯನ್ನು ಹಾಕಿಬಿಟ್ಟಳು.

ಹತ್ತು ನಿಮಿಷದಲ್ಲಿ ಚಲುವರಾಜು ಹೋಟೆಲಿನಿಂದ ದುಮುದುಮು ಉರಿಯುತ್ತ ಬಂದ. ನನ್ನ ಹೆತ್ತ ತಾಯಿಯನ್ನು ಊರೆದುರು ಆರನೆಯವಳನ್ನಾಗಿ ಮಾಡಿದೆಯಲ್ಲ ಎಂದು ಮಗಳ ಮೇಲೆ ಹಾಯ್ದ. ಹಾಡನ್ನು ಅವನಿನ್ನೂ ಪೂರ್ತಿ ಕೇಳಿರಲಿಲ್ಲ. ಚಿಕ್ಕಬೋರಮ್ಮ ಮೊಮ್ಮಗಳಿಗೆ ಕಣ್ಣಲ್ಲೇ ಫೋನು ತೋರಿಸಿದಳು. ವೀಣ ಫೋನನ್ನು ಜಗಲಿಯ ಮೇಲಿಟ್ಟು ಹಾಡು ಹಾಕಿದಳು.

ಸೋಬಾನೆ ಎದ್ದಿತು. ಒಂದು ಸಾಲು, ಎರಡು ಸಾಲು. ಮೂರನೆಯದರ ನಡುವೆ ಮುದುಕಿಯ ದನಿ ನಿಂತುಹೋಯಿತು. ಡೋಲಕ್ಕೂ ನಿಂತಿತು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಕೆಳಗೆ, ಬೈಯಲು ತೆರೆದ ಬಾಯಿ ಹಾಗೇ ತೆರೆದುಕೊಂಡು ನಿಂತಿದ್ದ ಚಲುವರಾಜು. ಅವ್ವನ ದನಿ ಮತ್ತೆ ಎದ್ದು ಬಂದಾಗಲೇ ಅವನು ಉಸಿರು ಬಿಟ್ಟಿದ್ದು.